ಕಫದ ಮೈ

ಹುಲಿಕುಂಟೆಯ ರಸ್ತೆ ಬಿಟ್ಟು ಗೊಲ್ಲರಹಟ್ಟಿಯ ಕಡೆ ಮಣ್ಣಿನ ದಾರಿ ತಿರುಗುವಲ್ಲಿ ರಂಗರಾಜು ಬೈಕು ನಿಲ್ಲಿಸಿದ. ಉಚ್ಚೆ ಹೊಯ್ಯಲು ಅಂತ ನಿಲ್ಲಿಸಿದ್ದು, ಜಾಲಿಯ ಮರೆಗೆ ಹೋಗಿ ನಿಂತರೆ ಬರಲಿಲ್ಲ. ಬೆಳಗಿನಿಂದ ಅವನು ಹೀಗೇ ಒಂದಲ್ಲ ಒಂದು ನೆವ ಹುಡುಕಿ ನಿಲ್ಲುತ್ತಿದ್ದ. ಶಿರಾ ಬಸ್ ಸ್ಟ್ಯಾಂಡಿನ ಎದುರು ಟೀ ತಗೊಂಡು ಅದು ಆರಿ ಕೆನೆ ಕಟ್ಟುವವರೆಗೆ ಕೈಯಲ್ಲಿ ಹಿಡಿದು ಕೂತಿದ್ದ. ಟೈರಿನಲ್ಲಿ ಗಾಳಿ ಇದ್ದರೂ ಪಂಚರ್ ಅಂಗಡಿಯ ಸಾಬರಿಗೆ ತೋರಿಸಿದ್ದ. ಅವರು ಟೈರನ್ನೊಮ್ಮೆ ಒದ್ದು, ಗಾಡಿಗೇನೂ ಬೀಮಾರಿ ಇಲ್ಲ ಡಾಕ್ಟರ್ ಸಾಬ್, ಹೋಗಿ ಬನ್ನಿ ಅಂದಿದ್ದರು. ಹೇಳಬೇಕಾದ ಮಾತು ದೊಡ್ಡದೇನಲ್ಲ. ನಿಮಗೆ ಥೈರಾಯ್ಡ್ ಕಾಯಿಲೆ ಇದೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗಬೇಕು. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅದನ್ನೇ ಹೇಳಿಕೊಂಡು ಬಂದಿದ್ದ. ಪುಸ್ತಕದ ಕನ್ನಡದಲ್ಲಿ ಹೇಳಿದರೆ ರೇಡಿಯೋದವರು ಹೇಳಿದಂತೆ ಕೇಳುತ್ತಿತ್ತು. ತನ್ನ ಕೇರಿಯ ಮಾತಿನಲ್ಲಿ ಹೇಳಿಕೊಂಡರೆ, ತಪ್ಪು ಮಾಡಿ ಸಿಕ್ಕಿಬಿದ್ದವನು ಅಪ್ಪನ ಮುಂದೆ ಒದರಿದಂತೆ ಕೇಳುತ್ತಿತ್ತು. ಪ್ಯಾಂಟಿನ ಜಿಪ್ ಎಳೆದುಕೊಂಡು ಬೈಕಿನ ಹತ್ತಿರ ಬಂದ. ಸುತ್ತಲೂ ಹೊಲಗಳಲ್ಲಿ ಕಡಲೇಕಾಯಿ ಬಿತ್ತನೆ ಮುಗಿದಿತ್ತು. ಯಾರೂ ಇರಲಿಲ್ಲ. ಯಾರಾದರೂ ಇದ್ದು, ಎಲ್ಲಿಗೆ ಅಂತ ಕೇಳಿದ್ದರೆ ಅಲ್ಲಿಂದಲೇ ವಾಪಸು ಹೋಗಿಬಿಡುತ್ತಿದ್ದನೋ ಏನೋ.

ಅವನ ಕೆಲಸ ಏನು ಅಂತ ಕಳ್ಳಂಬೆಳ್ಳದಲ್ಲಿದ್ದ ಅವನ ಅವ್ವ ಪಟಾಲಮ್ಮನಿಗೆ ಇವತ್ತಿಗೂ ತಿಳಿದಿರಲಿಲ್ಲ. ಔಷಧಿ ಕೊಡದೇ ಇರೋನು ಯಾವ ಸೀಮೆ ಡಾಕ್ಟ್ರಲಾ ಅಂತ ಅವಳು ಕೇಳುತ್ತಿದ್ದಳು. ಆಯುರ್ವೇದ ಓದಿದ ಮಗ ಊರೂರು ತಿರುಗಿ, ಚೆನ್ನಾಗಿರುವವರನ್ನೇ ಹುಡುಕಿ, ನಿಮಗೆ ಹಸಿವು ಹೆಂಗೆ, ನಿದ್ದೆ ಹೆಂಗೆ, ಸಿಟ್ಟು ಬರುತ್ತಾ ಅಂತ ಕೇಳಿ, ಇವರದು ವಾತ, ಇವರದು ಪಿತ್ತ, ಇವರದು ಕಫ ಅಂತ ಬರೆದುಕೊಳ್ಳುತ್ತಾನೆ. ಜೊತೆಗಿರುವ ನರ್ಸು ಅವರ ತೋಳಿನಿಂದ ರಕ್ತ ತೆಗೆಯುತ್ತಾಳೆ. ರಕ್ತದ ಟ್ಯೂಬಿಗೆ ಹೆಸರಿಲ್ಲ, ನಂಬರು ಮಾತ್ರ. ಅದು ಬೆಂಗಳೂರಿನ ಲ್ಯಾಬಿಗೆ ಹೋಗುತ್ತದೆ. ಹುಟ್ಟಿನಿಂದ ಬಂದ ಮೈಗುಣಕ್ಕೂ ರಕ್ತದೊಳಗಿನ ಜೀನಿಗೂ ಏನಾದರೂ ಸಂಬಂಧ ಇದೆಯೇ ಅಂತ ಅಲ್ಲಿ ನೋಡುತ್ತಾರೆ. ಅವನು ಓದಿದ ಕಾಲೇಜಿನ ಗೌರೀಶ್ ಸರ್ ಮತ್ತು ಲ್ಯಾಬಿನ ವಿಜ್ಞಾನಿ ಪ್ರಸನ್ನಕುಮಾರ್ ಸೇರಿ ನಡೆಸುತ್ತಿದ್ದ ಸಂಶೋಧನೆ ಇದು. ಎರಡು ಮೂರು ಗುಣ ಕಲಸಿಹೋದ ಮೈಗಳು ಎಲ್ಲಿ ಹೋದರೂ ಸಿಗುತ್ತವೆ. ಶುದ್ಧ ವಾತ, ಶುದ್ಧ ಕಫ ಅನ್ನುವಂಥವರು ಸಿಗುವುದು ಕಷ್ಟ, ಲ್ಯಾಬಿಗೆ ಬೇಕಾದವರು ಅವರೇ. ಹಾಗಾಗಿ ಕಳೆದ ಕಾರ್ತಿಕದಲ್ಲಿ ಈ ಹಟ್ಟಿಯಲ್ಲಿ ಯಶೋದ ಸಿಕ್ಕಾಗ ಅವನಿಗೆ ಆದದ್ದು, ಸಂತೆಯಲ್ಲಿ ಸುಳಿ ಸುದ್ದವಾಗಿರುವ ಎತ್ತು ಕಂಡವನಿಗೆ ಆಗುವಂಥ ಖುಷಿ.

ಅವತ್ತು ಗೌರೀಶ್ ಸರ್ ಜೀಪಿನಿಂದ ಇಳಿದು ಚಪ್ಪಲಿ ಬಿಟ್ಟು ಮುಂದೆ ನಡೆದರು. ಬಿಳಿ ಜುಬ್ಬ, ಹಣೆಯಲ್ಲಿ ವಿಭೂತಿ. ಹಟ್ಟಿಯವರು ಎದ್ದು ನಿಂತು ಕೈಮುಗಿದರು. ಅವರ ಹಿಂದೆಯೇ ರಂಗರಾಜುವೂ ಮುಳ್ಳಿನ ಬೇಲಿ ದಾಟಿ ಒಳಗೆ ಬಂದ. ಚಿಕ್ಕವನಿದ್ದಾಗ ಇಂಥದೇ ಇನ್ನೊಂದು ಹಟ್ಟಿಗೆ ಅಪ್ಪ ಸಣ್ಣರಂಗಯ್ಯನ ಜೊತೆ ಕುರಿಗೊಬ್ಬರ ಕೇಳಿಕೊಂಡು ಹೋಗಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಪ್ಪ ಬೇಲಿಯಾಚೆ ನಿಂತು ಕೂಗಿದ್ದ. ಒಳಗಿನಿಂದ ಒಬ್ಬಳು, ಅಲ್ಲೇ ನಿಂತ್ಕಳ್ರಪ್ಪಾ, ಬತ್ತಾರೆ ಅಂದಿದ್ದಳು. ಬೈಗುಳವೇನೂ ಅಲ್ಲ, ಮೃದುವಾಗಿಯೇ ಅಂದಿದ್ದಳು, ಅಪ್ಪನೂ ಮೃದುವಾಗಿಯೇ ನಿಂತಿದ್ದ. ಈಗ ಅಂಥದೇ ಬೇಲಿಯೊಳಗೆ ಅವನಿಗೆ ಕಂಬಳಿ ಹಾಸಿದರು. ಜುಂಜಮ್ಮ ಅನ್ನುವ ಯಜಮಾನಿ ಹಾಲು ತಂದುಕೊಟ್ಟಳು. ಯಾವೂರು ಸ್ವಾಮಿ ಅಂತ ಕೇಳಿದ್ದಕ್ಕೆ ತುಮಕೂರು ಅಂದ. ಸುಳ್ಳಲ್ಲ, ಹಾಸ್ಟೆಲಿನಲ್ಲಿ ಎಷ್ಟೋ ವರ್ಷ ಇದ್ದ ಊರು. ಹಾಲು ಗಂಟಲಿನಿಂದ ಇಳಿಯುವಾಗ ಮೈಯೆಲ್ಲ ಬೆಚ್ಚಗಾಯಿತು. ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು ಮೇಲಿನವರ ಮನ್ನಣೆಗೆ ಹೀಗೆ ಬೆಚ್ಚಗಾಗುವುದನ್ನು ಉಗಿದು ಬರೆದ ಎಷ್ಟೋ ಪುಸ್ತಕ ಓದಿದ್ದ. ಓದಿದ್ದು ಆ ಹೊತ್ತಿನಲ್ಲಿ ಒಂದು ಗುಟುಕನ್ನೂ ತಡೆಯಲಿಲ್ಲ. ಆ ಮನೆಯವರಿಗೆ ಬೇಸರವಾಗುವಂಥದು ಏನನ್ನೂ ಕೇಳಬಾರದು ಅಂತ ಅನಿಸಿಬಿಟ್ಟಿತು. ತಪ್ಪು ಶುರುವಾದದ್ದು ಅಲ್ಲಿ, ಆ ಹಾಲಿನಲ್ಲಿ, ಅಂತ ಆಮೇಲೆ ಎಷ್ಟೋ ಸಲ ಅವನು ಅಂದುಕೊಂಡ. ಹಾಗೆ ಅಂದುಕೊಳ್ಳುವುದೂ ತಪ್ಪನ್ನು ಹಾಲಿನ ಮೇಲೆ ಹಾಕುವ ಉಪಾಯವೇ.

ಜುಂಜಮ್ಮನ ಸೊಸೆ ಯಶೋದ ಕಂಬದ ಹತ್ತಿರ ಕೂತಿದ್ದಳು. ಪಾವಗಡದ ಕಡೆ ನಾಗಲಮಡಿಕೆ ಹತ್ತಿರದ ಹಟ್ಟಿಯಿಂದ ಬಂದವಳು. ತುಂಬಿದ ಮುಖ, ಉಬ್ಬಿದ ರೆಪ್ಪೆ, ಮಾತಿಗೆ ಮುಂಚೆ ಒಂದು ಗಳಿಗೆ ತಡೆದು ನೋಡುವ ಕಣ್ಣು. ನಿದ್ದೆ ಹೇಗೆ ಬರುತ್ತೆ ಅಂತ ಅವಳನ್ನು ಕೇಳಿದರೆ ಉತ್ತರ ಅತ್ತೆಯಿಂದ ಬಂತು.

‘ಕುಂತ್ರೂ ನಿದ್ದೆ, ನಿಂತ್ರೂ ನಿದ್ದೆ. ಮಂದೆ ಮೈಮ್ಯಾಲೆ ಬಂದ್ರೂ ಏಳಾಕಿಲ್ಲ ಸ್ವಾಮಿ, ಮೊದ್ದು.’

ಎಲ್ಲರೂ ನಕ್ಕರು. ಅವನೂ ನಕ್ಕು, ನಿದ್ರೆ ಅಧಿಕ ಅಂತ ಬರೆದುಕೊಂಡ. ಹಸಿವು ಕೇಳಿದ. ಉಣ್ಣೋದು ಹಿಡಿಯಷ್ಟು, ಮೈ ಮಾತ್ರ ಕಣಜ ಅಂದಳು ಜುಂಜಮ್ಮ. ಅಗ್ನಿ ಮಂದ ಅಂತ ಬರೆದ. ನಡಿಗೆ ಕೇಳಿದ. ತುಂಬಿದ ಬಸುರಿ ಎಮ್ಮೆ ಇವಳಿಗಿಂತ ಮುಂದೆ ಹೋಗ್ತದೆ ಅಂದಳು, ಮಂದಗತಿ. ಚಳಿ ತಡೆಯಲ್ಲ, ಬೇಸಗೇಲೂ ಕಂಬಳಿ ಹೊದೀತಾಳೆ, ಶೀತ ಗಾತ್ರ. ಎಷ್ಟು ಬೈದರೂ ಸಿಟ್ಟು ಬರಲ್ಲ, ಕಲ್ಲಿನ ಮ್ಯಾಲೆ ಮಳೆ ಹುಯ್ದಂಗೆ, ಅಕ್ರೋಧ. ಒಂದೊಂದೂ ಪಾಠದಲ್ಲಿ ಓದಿದ್ದಕ್ಕೆ ಬೆರಳಿಟ್ಟು ತೋರಿಸಿದ ಹಾಗೆ ಹೊಂದಿಕೊಂಡಿತು. ಅತ್ತೆಯ ಬೈಗುಳವನ್ನೇ ತಾನು ಕೂತು ಸಂಸ್ಕೃತಕ್ಕೆ ತರ್ಜುಮೆ ಮಾಡಿದೆ ಅನ್ನುವುದು ಅವನಿಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಮಧುಗಿರಿ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ, ಯಾರೋ ಒಬ್ಬ ಹೆಂಗಸು ಯಾರೋ ಒಬ್ಬ ಸೊಸೆಯನ್ನು ಬೈಯುವುದು ಕಿವಿಗೆ ಬಿದ್ದು. ನಾಡಿ ನೋಡಲು ಯಶೋದಳ ಕೈ ಹಿಡಿದಾಗ ಅದು ತಣ್ಣಗೆ, ಒರಟಾಗಿ, ಒಣಗಿದ ತೊಗಟೆಯ ಹಾಗಿತ್ತು. ಕಫದ ಮೈ ಅಂದರೆ ಎಣ್ಣೆ ಸವರಿದಂತೆ ನುಣುಪಾಗಿರಬೇಕು. ಇದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಅವನ ಬೆರಳಿಗೂ ಗೊತ್ತಾಯಿತು. ಬೋರ್‌ವೆಲ್ ನೀರು, ಕುರಿ ಕೆಲಸ, ಕಾರ್ತಿಕದ ಗಾಳಿ ಅಂತ ಅವನು ಬೆರಳಿಗೆ ಸಮಾಧಾನ ಹೇಳಿದ. ನಾಡಿ ಹಂಸ ನಡೆದಂತೆ ನಿಧಾನವಾಗಿ ಬರುತ್ತಿತ್ತು, ಅದರಲ್ಲಿ ಅವನು ತೇಲಿಹೋಗಿದ್ದ. ತಿಂಗಳ ಮುಟ್ಟಿನ ಬಗ್ಗೆಯೂ ಕೇಳಬೇಕಿತ್ತು. ಆ ಹಟ್ಟಿಯಲ್ಲಿ, ಅತ್ತೆಯ ಎದುರಿಗೆ, ಹಾಲು ಕುಡಿದ ಬಾಯಲ್ಲಿ ಅದನ್ನು ಕೇಳಲು ನಾಲಿಗೆ ಏಳಲಿಲ್ಲ. ನರ್ಸು ಜೀಪಿನ ಹತ್ತಿರ ಇದ್ದಳು, ಕರೆಯಬಹುದಿತ್ತು. ಸಹಜ ಅಂತ ತಾನೇ ಬರೆದುಕೊಂಡ. ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಕೇಳಲು ನಾಚಿಕೆಯೂ ಅಡ್ಡ ಬರುತ್ತಿರಲಿಲ್ಲ: ಯಾವತ್ತಿಂದ ಹೀಗೆ? ಹುಟ್ಟಿನಿಂದ ಬಂದದ್ದು ಪ್ರಕೃತಿ, ನಡುವೆ ಬಂದದ್ದು ರೋಗ. ಎರಡನ್ನೂ ಬೇರೆ ಮಾಡುವುದು ಆ ಒಂದೇ ಪ್ರಶ್ನೆ. ಅದನ್ನು ಅವನು ಕೇಳಲಿಲ್ಲ. ಕೇಳಿದರೆ ಶುದ್ಧ ಕಫ ಕೈತಪ್ಪಿ ಹೋದೀತು ಅಂತ ಒಳಗೆಲ್ಲೋ ಗೊತ್ತಿದ್ದು ಕೇಳಲಿಲ್ಲವೋ, ಮರೆತನೋ, ಈಗ ಅವನೇ ತನ್ನನ್ನು ಕೇಳಿಕೊಂಡರೂ ಸರಿಯಾದ ಉತ್ತರ ಬರುತ್ತಿರಲಿಲ್ಲ.

ಗೌರೀಶ್ ಸರ್‌ಗೆ ಇನ್ನೂ ಎರಡು ಹಟ್ಟಿ ನೋಡುವ ಅವಸರ ಇತ್ತು. ನೀನೇ ಇವರಿಗೆ ಅರ್ಥ ಆಗೋ ಹಾಗೆ ಹೇಳಯ್ಯ ಅಂದರು. ಅವನು ಎದ್ದು ನಿಂತು ಎಲ್ಲರ ಮುಂದೆ ಹೇಳಿದ. ಇವರದು ಕಫದ ಮೈ. ಇದು ಸೋಮಾರಿತನ ಅಲ್ಲ, ಹುಟ್ಟಿನಿಂದ ಬಂದ ಸ್ವಭಾವ, ಇಂಥವರನ್ನು ಬೈದು ಪ್ರಯೋಜನ ಇಲ್ಲ. ಹೇಳುವಾಗ ತಾನು ಒಂದು ಹೆಣ್ಣಿನ ಪರವಾಗಿ ಮಾತಾಡುತ್ತಿದ್ದೇನೆ ಅಂತ ಅವನಿಗೆ ಹೆಮ್ಮೆಯಿತ್ತು. ಯಶೋದಳ ಗಂಡ ರಾಜಣ್ಣ ತಲೆದೂಗಿದ. ಯಶೋದ ಉಬ್ಬಿದ ರೆಪ್ಪೆ ಎತ್ತಿ ಅವನನ್ನು ನೋಡಿದಳು. ಅದು ಕೃತಜ್ಞತೆ ಅಂತ ಅವನು ತಿಳಿದುಕೊಂಡ.

ಉಗಾದಿಗೆ ಮುಂಚೆ ಬೆಂಗಳೂರಿನಲ್ಲಿ ಮೀಟಿಂಗು. ದೊಡ್ಡ ಪರದೆಯ ಮೇಲೆ ಒಂದು ನಂಬರು, ಅದರ ಮುಂದೆ ಥೈರಾಯ್ಡಿನ ಲೆಕ್ಕ, ಗೆರೆ ಪರದೆಯ ಅಂಚು ದಾಟಿ ಮೇಲೆ ಹೋಗಿತ್ತು. ಪ್ರಸನ್ನಕುಮಾರ್ ಕೆಟ್ಟ ಮನುಷ್ಯನಲ್ಲ. ನಗುತ್ತಲೇ ಹೇಳಿದರು, ನಮ್ಮ ವೈದ್ಯರು ಕಳಿಸಿದ ಅತ್ಯುತ್ತಮ ಕಫ ಪ್ರಕೃತಿ ಇದು, ಪಾಪ, ಪ್ರಕೃತಿ ಅಲ್ಲ, ಥೈರಾಯ್ಡ್ ಕೆಲಸ ನಿಲ್ಲಿಸಿದೆ ಅಷ್ಟೆ. ಲ್ಯಾಬಿನ ಹುಡುಗರು ನಕ್ಕರು. ಗೌರೀಶ್ ಸರ್ ಪರದೆಯನ್ನು ನೋಡುತ್ತ ಕೂತರು, ಇವನ ಕಡೆ ತಿರುಗಲಿಲ್ಲ. ಅದೇ ಬೈದದ್ದಕ್ಕಿಂತ ಹೆಚ್ಚಾಯಿತು. ಆ ನಂಬರಿನ ಹಿಂದಿನ ಮುಖ ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಅವನು ತಲೆ ತಗ್ಗಿಸಿ ಬಿಸ್ಕತ್ತು ತಿಂದ. ಆ ಸ್ಯಾಂಪಲನ್ನು ಲೆಕ್ಕದಿಂದ ತೆಗೆದರು. ಆ ಹೆಂಗಸಿಗೆ ತಿಳಿಸುವುದು ವೈದ್ಯರ ಕೆಲಸ ಅಂತ ಲ್ಯಾಬಿನವರು ಅಂದುಕೊಂಡರು, ರಿಪೋರ್ಟು ಲ್ಯಾಬಿನದು, ಅವರೇ ತಿಳಿಸುತ್ತಾರೆ ಅಂತ ಗೌರೀಶ್ ಸರ್ ಅಂದುಕೊಂಡರು. ಇಬ್ಬರ ನಡುವೆ ಇದ್ದವನು ಅವನು. ನಾಳೆ ಹೋದರಾಯಿತು ಅಂದುಕೊಂಡ. ಹೋದರೆ, ಅವತ್ತು ನಿಂತು ಭಾಷಣ ಮಾಡಿದ ಜಾಗದಲ್ಲೇ ನಿಂತು ನನ್ನದು ತಪ್ಪಾಯಿತು ಅನ್ನಬೇಕು. ಉಗಾದಿ ಹೋಯಿತು, ಭರಣಿ ಮಳೆ ಬಂದು ಹೋಯಿತು. ನಿನ್ನೆ ಪ್ರಸನ್ನಕುಮಾರ್ ಫೋನು ಮಾಡಿ, ಅದರ ಬದಲಿಗೆ ಅದೇ ವಯಸ್ಸಿನ, ಅದೇ ಸಮುದಾಯದ ಇನ್ನೊಂದು ಕಫ ಹುಡುಕಿಕೊಡಿ ಅಂದರು. ಮಾತು ಮುಗಿಸುವಾಗ, ಆ ಹಳೆಯವರಿಗೆ ಹೇಳಿದ್ದೀರಲ್ಲ, ಮಾತ್ರೆ ಶುರುಮಾಡಿದರಾ ಅಂತ ಕೇಳಿದರು. ಹೇಳಿದ್ದೇವೆ ಸಾರ್, ಆರಾಮಿದ್ದಾರೆ ಅಂದ. ನಾಲಿಗೆಗೆ ಒಂದು ಚೂರೂ ತಡೆಯಾಗಲಿಲ್ಲ. ಇವತ್ತು ಅವನು ಬಂದಿರುವುದು ಆ ಸುಳ್ಳನ್ನು ನಿಜ ಮಾಡಲು.

ಬೇಲಿಯ ಹೊರಗೆ ಚಪ್ಪಲಿ ಬಿಟ್ಟ. ಜುಂಜಮ್ಮ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಅವನನ್ನು ಕಂಡದ್ದೇ ಮೊರ ಇಟ್ಟು ಎದ್ದು, ಅಯ್ ಬಂದ್ಬುಟ್ರಾ ಡಾಕ್ಟ್ರಪ್ಪಾ, ಒಬ್ರೇ ಬಂದ್ರಾ, ದೊಡ್ಡೋರು ಬರ್ಲಿಲ್ವಾ ಅಂತ ಕೇಳಿದಳು. ಅವನು ಕೂರುವ ಮೊದಲೇ ಅವಳು ತನ್ನ ಸಂತೋಷ ಹೇಳಿಕೊಂಡಳು. ನೀವು ಬಂದು ಹೇಳಿದ ಮೇಲೆ ಮನೆಯಲ್ಲಿ ಜಗಳವೇ ಇಲ್ಲ, ಸೊಸೆಯನ್ನು ಬೈಯುವುದನ್ನೇ ಬಿಟ್ಟಿದ್ದೇನೆ, ಹಟ್ಟಿಯವರೂ ಯಾರೂ ಆಡಿಕೊಳ್ಳುವುದಿಲ್ಲ ಅಂದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ, ಅದಕ್ಕೆ ಅವಳೇನು ಮಾಡಿಯಾಳು. ಆದರೆ ಮನೆ ನಡೆಯಬೇಕಲ್ಲ, ಕುರಿ ಕಾಯಬೇಕು, ರಾಜಣ್ಣನಿಗೆ ಮಕ್ಕಳಾಗಬೇಕು. ಅವಳ ಹೊಟ್ಟೆಯಲ್ಲಿ ಯಾವುದೂ ನಿಲ್ಲದು. ಅದಕ್ಕೆ ಕೊರಟಗೆರೆ ಕಡೆ ತನ್ನ ತಮ್ಮನ ಮಗಳನ್ನು ಕೇಳಿದ್ದೇವೆ, ಬರುವ ಸೋಮವಾರ ಹೋಗಿ ಎಲೆ ಅಡಿಕೆ ಕೊಟ್ಟು ಬರುತ್ತೇವೆ. ಇವಳನ್ನೇನು ಹೊರಗೆ ಹಾಕುವುದಿಲ್ಲ, ಒಂದು ಮೂಲೆಯಲ್ಲಿ ಇರುತ್ತಾಳೆ, ಅನ್ನ ಹಾಕುತ್ತೇವೆ. ಯಶೋದಮ್ಮನೂ ಒಪ್ಪಿದ್ದಾಳೆ.

‘ನೀವು ಬಾಯಿಬುಟ್ಟು ಅಂಗೆ ಹೇಳ್ದೆ ಇದ್ದಿದ್ರೆ ನಾವು ಇನ್ನಾ ಬಡ್ದಾಡ್ತಾ ಇರ್ತಿದ್ವಿ ಕಣಪ್ಪಾ,’ ಅಂದಳು.

ರಂಗರಾಜು, ಯಶೋದಮ್ಮ ಎಲ್ಲಿ ಅಂತ ಕೇಳಿದ. ಜುಂಜಮ್ಮ ಗದ್ದ ಎತ್ತಿ ಬೇಲಿಯಾಚೆ ತೋರಿಸಿದಳು. ಹೊರಗಾಗಿದ್ದಾಳೆ, ಹೋದ ಸೋಮವಾರದಿಂದ, ಇನ್ನೂ ನಿಂತಿಲ್ಲ, ಅವಳದು ಯಾವಾಗಲೂ ಹಂಗೇ, ತಿಂಗಳಲ್ಲಿ ಅರ್ಧ ಅಲ್ಲೇ ಇರುತ್ತಾಳೆ. ಅದೂ ಕಫದ್ದೇ ಅಲ್ಲವೇ ಸ್ವಾಮಿ ಅಂತ ಕೇಳಿದಳು. ಅವನು ತಲೆ ಆಡಿಸಿದನೋ ಇಲ್ಲವೋ. ನಾನು ಹೋಗಿ ಮಾತಾಡಿಸಿ ಬರುತ್ತೇನೆ ಅಂದ. ಅವಳು, ಡಾಕ್ಟ್ರಲ್ವಾ, ದೂರ ನಿಂತು ಮಾತಾಡಿಸಿ, ಅಂದಳು.

ಸರ್ಕಾರ ಕಟ್ಟಿಸಿದ ಮಹಿಳಾ ಭವನದ ಬಾಗಿಲಿಗೆ ಯಾರೋ ಬೀಗ ಹಾಕಿದ್ದರು, ಕಿಟಕಿಯಿಂದ ಗೊಬ್ಬರದ ಚೀಲಗಳು ಕಾಣುತ್ತಿದ್ದವು. ಅದರ ಗೋಡೆಗೆ ಒರಗಿಸಿದಂತೆ ನೀಲಿ ಟಾರ್ಪಾಲಿನ ಒಂದು ಮರೆ. ಅದರಡಿ ಯಶೋದ ಕೂತಿದ್ದಳು, ಮಳೆಗಾಲದ ಸೆಖೆಯಲ್ಲೂ ಹೆಗಲಿಗೆ ಕಂಬಳಿ. ಅವನನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ. ತುಟಿಯೆಲ್ಲ ಬಿಳಿಚಿಕೊಂಡದ್ದು ಅಷ್ಟು ದೂರಕ್ಕೇ ಕಂಡಿತು. ಹಟ್ಟಿಯವರು ಯಾರೂ ಮುಟ್ಟದ ಹೆಂಗಸು, ಹಟ್ಟಿಯವರು ಮುಟ್ಟಬಾರದ ಗಂಡಸು, ಇಬ್ಬರೂ ಬೇಲಿಯಾಚೆ. ಇಲ್ಲಿ ಮೈಲಿಗೆಗೆ ಯಾರೂ ಹೆದರಬೇಕಾಗಿಲ್ಲ ಅಂತ ಅವನಿಗೆ ಒಂದು ಕ್ಷಣ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಅವಳು ಅನುಭವಿಸುತ್ತಿರುವುದು ತನಗೆ ಒಂದು ಮಾತಿನ ಚಂದವಾಗಿ ಒದಗಿತಲ್ಲ. ಕುಕ್ಕರುಗಾಲಿನಲ್ಲಿ ಕೂತು, ಕಲಿತುಕೊಂಡು ಬಂದದ್ದನ್ನೆಲ್ಲ ಬಿಟ್ಟು, ಇಷ್ಟು ಹೊತ್ತಿನವರೆಗೆ ಕೇಳದೆ ಉಳಿದದ್ದನ್ನು ಕೇಳಿದ. ಯಾವತ್ತಿಂದ ಹೀಗೆ?

ಅವಳು ತಡೆದು ತಡೆದು ಹೇಳಿದಳು. ದನಿ ಗೊಗ್ಗರಾಗಿತ್ತು. ಮದುವೆಯಾಗಿ ಬಂದಾಗ ಹೀಗಿರಲಿಲ್ಲ. ತವರಿನಲ್ಲಿ ಮೇಕೆಯ ಹಿಂದೆ ಗುಡ್ಡ ಹತ್ತಿ ಇಳಿಯುತ್ತಿದ್ದವಳು ತಾನೇ, ಕಾಲು ನಿಲ್ಲುವುದಿಲ್ಲ ಇವಳದು ಅಂತ ಅಮ್ಮ ತೆಲುಗಿನಲ್ಲಿ ಬೈಯುತ್ತಿದ್ದಳು. ಮೊದಲನೆಯದು ಹೊಟ್ಟೆಯಲ್ಲೇ ಹೋಯಿತಲ್ಲ, ಅಲ್ಲಿಂದ ಮೈಗೆ ಏನೋ ಹಿಡಿಯಿತು. ಕೆಸರಿನಲ್ಲಿ ಕಾಲಿಟ್ಟಂತೆ. ನೀವು ಬಂದಾಗ ಹೇಳೋಣ ಅಂತಿದ್ದೆ, ನೀವು ನನ್ನ ಕೇಳಲಿಲ್ಲ ಅಂದಳು. ದೂರಿನ ಥರ ಅನ್ನಲಿಲ್ಲ, ನಡೆದದ್ದನ್ನು ಹೇಳಿದಂತೆ ಅಂದಳು.

ಅವನು ಹೇಳಿದ. ಕತ್ತಿನಲ್ಲಿರುವ ಗ್ರಂಥಿ, ರಕ್ತದಲ್ಲಿ ಕಂಡದ್ದು, ದಿನಾ ಒಂದು ಮಾತ್ರೆ. ನಿದ್ದೆ, ಚಳಿ, ಬಾವು, ಈ ಹೋಗುತ್ತಿರುವ ರಕ್ತ, ಎಲ್ಲಕ್ಕೂ ಅದೇ ಬೇರು. ಹೊಟ್ಟೆಯಲ್ಲಿ ಕೂಸು ನಿಲ್ಲದೆ ಇರುವುದಕ್ಕೂ ಅದೇ ಕಾರಣ ಇರಬಹುದು. ಅವಳು ಎಲ್ಲವನ್ನೂ ಕೇಳಿ ನಿಧಾನವಾಗಿ ತಲೆಯೆತ್ತಿದಳು. ಅವಳ ಆ ನಿಧಾನವನ್ನು ಅವನು ಒಮ್ಮೆ ಖುಷಿಯಿಂದ ಬರೆದುಕೊಂಡಿದ್ದ.

‘ನಿಮ್ಗೆ ಯಾವಾಗ ಗೊತ್ತಾಯ್ತು?’

ನಿನ್ನೆ ಅನ್ನಬಹುದಿತ್ತು. ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಉಗಾದಿಗೆ ಮುಂಚೆ ಅಂದ.

ಅವಳು ಮನಸ್ಸಿನಲ್ಲೇ ಏನನ್ನೋ ಕೂಡಿಸಿದಳು. ಭರಣಿ ಮಳೆ ಹೊಯ್ತಿತ್ತಲ್ಲ, ಆವಾಗ ಇನ್ನೊಂದು ಹೋಯ್ತು ಅಂದಳು. ಇದೇ ಟಾರ್ಪಾಲಿನ ಕೆಳಗೆ. ಅತ್ತೆ ಅಲ್ಲಿ ನಿಂತು ಬಿಸಿನೀರು ಇಟ್ಟು ಹೋದಳು. ಅವನು ನೆಲ ನೋಡಿದ. ಇರುವೆಗಳು ಒಂದು ಅನ್ನದ ಅಗುಳನ್ನು ಎಳೆದುಕೊಂಡು ಹೋಗುತ್ತಿದ್ದವು. ಮಾತ್ರೆ ಮೊದಲೇ ಶುರುವಾಗಿದ್ದರೆ ಉಳಿಯುತ್ತಿತ್ತು ಅಂತ ಖಂಡಿತ ಹೇಳಲಾಗುವುದಿಲ್ಲ ಅಂತ ಒಳಗಿನಿಂದ ಒಬ್ಬ ಡಾಕ್ಟರು ವಾದ ಹೂಡಿದ. ಉಳಿಯುತ್ತಿರಲಿಲ್ಲ ಅಂತಲೂ ಹೇಳಲಾಗುವುದಿಲ್ಲ. ಅವನು, ಬೈದುಬಿಡಿ ಯಶೋದಮ್ಮ, ಅಂದ. ಅಂದಮೇಲೆ, ಅದನ್ನೂ ಅವಳ ಮೇಲೆಯೇ ಹೊರಿಸಿದೆ ಅನಿಸಿತು.

‘ನಂಗೆಲ್ಲಿ ಸಿಟ್ಟು ಬರ್ತದೆ ಸಾ,’ ಅಂದಳು. ತುಟಿಯ ಒಂದು ಕೊನೆ ಸ್ವಲ್ಪ ಎದ್ದಿತು. ‘ನಂದು ಕಫದ ಮೈ ಅಲ್ವಾ.’

ಅವಳು ಕಂಬಳಿ ಸರಿಮಾಡಿಕೊಂಡು, ಈ ಸಲ ಅವನನ್ನು ನೇರವಾಗಿ ನೋಡಿ ಹೇಳಿದಳು.

‘ನನ್ತಾವ ಹೇಳಿ ಏನ್ ಬಂತು? ಅವತ್ತು ಎಲ್ರ ಮುಂದೆ ನಿಂತ್ಕಂಡು ಹೇಳಿದ್ರಿ. ಇದ್ನೂ ಅಲ್ಲೇ ನಿಂತ್ಕಂಡು ಹೇಳಿ. ಸೋಮವಾರ ಅವ್ರು ಎಲೆ ಅಡಿಕೆ ತಗಂಡು ಹೋಗ್ತಾರೆ. ನಾನು ಒಪ್ಪಿದ್ದು ಗುಣ ಹೋಗಲ್ಲ ಅಂದ್ರಲ್ಲ, ಅದಕ್ಕೆ.’

ವಾಪಸು ಬೇಲಿಯೊಳಗೆ ಬಂದಾಗ ರಾಜಣ್ಣ ಹೊಲದಿಂದ ಬಂದಿದ್ದ. ಪಕ್ಕದ ಮನೆಯವರೂ ಇಬ್ಬರು ಮೂವರು ಬಂದು ಕಟ್ಟೆಯ ಮೇಲೆ ಕೂತಿದ್ದರು, ಅವತ್ತಿನ ಹಾಗೆಯೇ. ರಂಗರಾಜು ನಿಂತುಕೊಂಡ. ಅವತ್ತು ನಾನು ಹೇಳಿದ್ದು ತಪ್ಪು ಅಂದ. ಇದು ಹುಟ್ಟುಗುಣ ಅಲ್ಲ, ಕಾಯಿಲೆ. ಮಾತ್ರೆಯಲ್ಲಿ ಹತೋಟಿಗೆ ಬರುವ ಕಾಯಿಲೆ. ಎಷ್ಟೋ ಹೆಂಗಸರು ಇದೇ ಮಾತ್ರೆ ತಗೊಂಡು ಮಕ್ಕಳನ್ನು ಹೆತ್ತಿದ್ದಾರೆ. ಈಗ ರಕ್ತ ಬಹಳ ಹೋಗಿದೆ, ಇವತ್ತೇ ಆಸ್ಪತ್ರೆಗೆ ಹೋಗಬೇಕು. ಕಾಯಿಲೆ ಅನ್ನುವ ಮಾತು ಆ ಅಂಗಳದಲ್ಲಿ ಬೇರೆಯಾಗಿ ಕೇಳಿತು ಅಂತ ಅವನಿಗೆ ಗೊತ್ತಾಯಿತು. ಗುಣ ಅಂದಾಗ ಅವಳಿಗೆ ಒಂದು ಮೂಲೆಯಾದರೂ ಇತ್ತು. ಕಾಯಿಲೆಯವಳನ್ನು ತವರಿಗೆ ಕಳಿಸಬಹುದು. ರಾಜಣ್ಣ ತಾಯಿಯ ಮುಖ ನೋಡಿದ. ಜುಂಜಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಕುರಿಯ ವ್ಯಾಪಾರದಲ್ಲಿ ಹಲ್ಲು ಎಣಿಸುವವರ ಎಚ್ಚರ ಇತ್ತು.

‘ಅವತ್ತೊಂದು ಹೇಳಿದ್ರಿ, ಇವತ್ತೊಂದು ಹೇಳ್ತೀರಿ. ಯಾವ ಮಾತು ನಂಬಾನ ಸ್ವಾಮಿ?’ ಅಂದಳು. ಅವತ್ತು ದೊಡ್ಡೋರು ಕೂತಿದ್ದರು, ಅವರ ಮುಖ ನೋಡಿ ನಂಬಿದೆವು. ಇವತ್ತು ನೀವೊಬ್ಬರೇ ಬಂದಿದ್ದೀರಿ. ಆಮೇಲೆ ಇಷ್ಟು ದಿನ ಕೇಳದೆ ಬಿಟ್ಟದ್ದನ್ನು ಕೇಳಿದಳು. ‘ನೀವು ಯಾವ ಜನ? ಗೌರೀಶಪ್ಪೋರ ಪೈಕಿನಾ?’

‘ಹೂಂ,’ ಅಂದ. ‘ಅವರ ಪೈಕಿನೇ.’

ಯಶೋದಳಿಗಾಗಿ ಅಂದೆ, ನಿಜ ಹೇಳಿದ್ದರೆ ನನ್ನ ಮಾತಿನ ಜೊತೆ ಅವಳ ಮಾತ್ರೆಯೂ ಮಣ್ಣಾಗುತ್ತಿತ್ತು ಅಂತ ಆಮೇಲೆ ಅಂದುಕೊಳ್ಳಬಹುದಿತ್ತು. ನಿಜವೂ ಹೌದು. ಆದರೆ ಆ ಹೂಂ ಯೋಚನೆಗಿಂತ ಮುಂಚೆ ಬಂದಿತ್ತು. ಆ ಹೂಂ ಒಳಗೆ ಯಶೋದ ಇರಲಿಲ್ಲ, ಅವನೊಬ್ಬನೇ ಇದ್ದ. ಅಂಗಳದಲ್ಲಿ ಕೂತಿದ್ದವರು ಸಡಿಲಾದರು. ಅಂಥೋರು ಯಾಕೆ ಸುಳ್ಳು ಹೇಳ್ತಾರೆ, ನೋಡನ ಬುಡು ಅಂದ ರಾಜಣ್ಣ. ಜುಂಜಮ್ಮ ಸೋಮವಾರದ ಮಾತನ್ನು ತಮ್ಮನಿಗೆ ಹೇಳಿ ಮುಂದಕ್ಕೆ ಹಾಕಿಸೋಣ, ಆರು ತಿಂಗಳು ಮಾತ್ರೆ ನುಂಗಿ ನೋಡಲಿ ಅಂದಳು. ಆದರೆ ಇವತ್ತೇ ಹೋಗುವುದು ಹೇಗೆ? ಹೊರಗಾದವಳನ್ನು ಹಟ್ಟಿಯವರು ಯಾರೂ ಗಾಡಿಯಲ್ಲಿ ಕೂರಿಸಿಕೊಳ್ಳುವ ಹಾಗಿಲ್ಲ, ಕಟ್ಟಿಕೊಂಡ ಗಂಡನಾದರೂ. ದೇವರು ಸುಮ್ಮನಿರುವುದಿಲ್ಲ. ನೀರು ಹಾಕಿಕೊಂಡು ಒಳಗೆ ಬರಲಿ, ಆಮೇಲೆ ನೋಡೋಣ ಅಂತ ಒಬ್ಬರು ಅಂದರು. ಬೇಲಿಯಾಚೆಯಿಂದ ಯಶೋದಳ ಗೊಗ್ಗರು ದನಿ ಬಂತು. ಎದ್ದು ಅಲ್ಲಿಯವರೆಗೂ ನಡೆದು ಬಂದಿದ್ದಳು, ಬೇಲಿಯ ಗೂಟ ಹಿಡಿದು ನಿಂತಿದ್ದಳು. ನಾನು ಇವತ್ತೇ ಹೋಗ್ತೀನಿ ಅಂದಳು. ಅವಳು ಹಾಗೆ ಅಂದದ್ದನ್ನು ಆ ಮನೆಯವರು ಎಂದೂ ಕೇಳಿರಲಿಲ್ಲ ಅನ್ನಿಸುತ್ತದೆ. ಎಲ್ಲರೂ ತಿರುಗಿ ನೋಡಿದರು.

ಕೊನೆಗೆ ಜುಂಜಮ್ಮನೇ ದಾರಿ ಹುಡುಕಿದಳು. ನೀವೇ ಕರಕೊಂಡು ಹೋಗಿಬಿಡಿ ಸ್ವಾಮಿ, ರಾಜಣ್ಣ ಹಿಂದೆ ಬಸ್ಸಿನಲ್ಲಿ ಬರುತ್ತಾನೆ. ನಿಮ್ಮಂಥೋರಿಗೆ ಹೇಳಬಾರದು, ನಿಮಗೂ ಮೈಲಿಗೆ ಆಗುತ್ತದೆ, ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಳ್ಳಿ. ಅವಳು ಕೈಮುಗಿದಳು. ಅವನು ಆ ಕೈಗಳನ್ನು ನೋಡಿಕೊಂಡು ಆಯ್ತು ಅಂದ.

ಯಶೋದ ಬೈಕಿನ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತಳು. ಇಬ್ಬರ ನಡುವೆ ಬಟ್ಟೆಯ ಗಂಟು ಇಟ್ಟಳು, ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವನ ಅಂಗಿಯ ಚುಂಗೂ ತಾಗದಂಥ ಎಚ್ಚರ. ಮಣ್ಣಿನ ದಾರಿ ಮುಗಿಯುವವರೆಗೆ ಅವನು ಹಳ್ಳ ತಪ್ಪಿಸುತ್ತ ನಿಧಾನ ಬಂದ. ಹೇಳಿಬಿಡಬೇಕು ಅಂತ ಅನಿಸುತ್ತಿತ್ತು. ಅಪ್ಪನ ಹೆಸರು, ಕೇರಿ, ಗೊಬ್ಬರಕ್ಕೆ ಬಂದು ಬೇಲಿಯಾಚೆ ನಿಂತದ್ದು. ಒಬ್ಬಳಿಗಾದರೂ. ಮಾತ್ರೆ ಶುರುವಾಗಲಿ, ಮೊದಲು ಅವಳು ಸುಧಾರಿಸಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡ. ಹಾಗೆ ಅಂದುಕೊಂಡ ದನಿ ತನಗೆ ಚೆನ್ನಾಗಿ ಪರಿಚಯದ್ದು ಅನಿಸಿ ಬೆನ್ನು ಸೆಟೆಯಿತು. ಡಾಂಬರು ರಸ್ತೆಗೆ ಬಂದಮೇಲೆ ಗಾಳಿ ತಣ್ಣಗೆ ಬೀಸಿತು. ಎರಡು ಕಿಲೋಮೀಟರು ಹೋಗಿರಬೇಕು, ಗಂಟು ಜಾರಿ ಅವಳ ತಲೆ ದೊಪ್ಪನೆ ಬಂದು ಅವನ ಬೆನ್ನಿಗೆ ಒರಗಿತು. ನಿದ್ದೆ ಹೋಗಿದ್ದಳು. ಭಾರವಾದ, ತಣ್ಣನೆಯ ಹಣೆ ಅಂಗಿಯ ಮೂಲಕವೇ ತಿಳಿಯುತ್ತಿತ್ತು. ಬಿದ್ದುಬಿಟ್ಟಾಳು ಅಂತ ಅವನು ಒಂದು ಕೈ ಹಿಂದಕ್ಕೆ ಚಾಚಿ ಅವಳ ಮುಂಗೈ ಹಿಡಿದು ಬೈಕನ್ನು ರಸ್ತೆಯ ಬದಿಗೆ ತಂದ. ನಿಲ್ಲುತ್ತಿದ್ದಂತೆ ಅವಳು ಬೆಚ್ಚಿ ಎಚ್ಚರಾದಳು, ಕೈ ಕಿತ್ತುಕೊಂಡಳು.

‘ತಪ್ಪಾಯ್ತು ಸಾ,’ ಅಂದಳು. ‘ನಿಮ್ಮಂಥೋರ್ನ ಮುಟ್ಟಿಸ್ಕಂಡ್ಬುಟ್ಟೆ. ಬೇಜಾರ್ ಮಾಡ್ಕಬೇಡಿ.’

ರಸ್ತೆಯ ಮೇಲೆ ಯಾರೂ ಇರಲಿಲ್ಲ. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಬರುತ್ತಿರಲಿಲ್ಲ. ಅವನು ಕನ್ನಡಿಯಲ್ಲಿ ಅವಳ ಉಬ್ಬಿದ ಮುಖ ನೋಡಿದ. ಕ್ಷಮೆಗಾಗಿ ಕಾಯುತ್ತಿದ್ದಳು.

‘ಪರವಾಗಿಲ್ಲ ಬಿಡಿ,’ ಅಂದ. ದೊಡ್ಡಮನಸ್ಸಿನವರು ಹೇಗೆ ಅನ್ನುತ್ತಾರೋ ಹಾಗೇ ಅಂದ.

ಬೈಕು ಮತ್ತೆ ಹೊರಟಿತು. ಹಿಂದೆ ಅವಳು ಇನ್ನಷ್ಟು ಸರಿದು ಕೂತದ್ದು, ಗಾಡಿಯ ಭಾರ ಹಿಂಚಕ್ರದ ಕಡೆ ಜಗ್ಗಿದ್ದರಿಂದ ಅವನಿಗೆ ತಿಳಿಯಿತು.